ಮೂರೇ ನೆಕ್ಕು

ಮಿಹ್ಯಾಂಗ್ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಡೊಕ್ಸಿಮ್ ಆ ಸಾರನ್ನು ಹೊಗಳಿದಳು. ನಡೆದದ್ದು ಇಷ್ಟೇ. ಆದರೆ ಮೊಕ್ಪೊ ಬಂದರಿನ ಬೆನ್ನಿಗೆ ಗುಡ್ಡಕ್ಕೆ ಒರಗಿ ನಿಂತ ಆ ಆರು ಮನೆಗಳ ಹಳೇ ಇಟ್ಟಿಗೆ ಕಟ್ಟಡಕ್ಕೆ ಇಷ್ಟೇ ಸಾಕು. ಅಲ್ಲಿ ಒಂದು ಮನೆಯಲ್ಲಿ ಸೀನಿದರೆ ಉಳಿದ ಐದು ಮನೆಗಳಲ್ಲಿ ಶುಂಠಿ ಜಜ್ಜುವ ಸದ್ದು ಕೇಳುತ್ತದೆ.

ಮೂರನೇ ಮಹಡಿಯ ಡೊಕ್ಸಿಮಳಿಗೆ ಆಗ ಮೂರನೇ ಸುತ್ತಿನ ಕೀಮೋ ಮುಗಿದು ವಾರವಾಗಿತ್ತು. ಬಾಯಿ ತುಂಬ ಹುಣ್ಣು. ತುಟಿಯ ಒಳಗೆ, ಕೆನ್ನೆಯ ಒಳಗೆ, ನಾಲಿಗೆಯ ಅಂಚಿನಲ್ಲಿ, ಯಾರೋ ನಿದ್ದೆಯಲ್ಲಿದ್ದಾಗ ಬಂದು ಬಾಯೊಳಗೆ ಕೆಂಡದ ಬೀಜ ಬಿತ್ತಿ ಹೋದ ಹಾಗೆ. ನೀರು ಕುಡಿದರೂ ಕಣ್ಣಲ್ಲಿ ನೀರು. ಅಂಥ ದಿನ ಎರಡನೇ ಮಹಡಿಯ ಮಿಹ್ಯಾಂಗ್ ಕಡಲಪಾಚಿಯ ಸಾರು ಹೊತ್ತು ಮೆಟ್ಟಿಲು ಹತ್ತಿ ಬಂದಳು. ಉಪ್ಪಿಲ್ಲದ ಆ ಉಗುರುಬೆಚ್ಚನೆ ಸಾರು ಒಂದು ಹುಣ್ಣನ್ನೂ ಎಬ್ಬಿಸದೆ, ಮಲಗಿದ ಮಕ್ಕಳ ನಡುವೆ ತುದಿಗಾಲಲ್ಲಿ ನಡೆಯುವ ತಾಯಿಯ ಹಾಗೆ ಗಂಟಲಿಗಿಳಿಯಿತು.

"ಹದವಾಗಿದೆ ಕಣೆ," ಎಂದಳು ಡೊಕ್ಸಿಮ್, ತುಟಿ ಅಲುಗಿಸದೆ.

ಮಿಹ್ಯಾಂಗ್ ಹಿಗ್ಗಿ ಕೆಳಗೆ ಹೋದಳು. ಪಾತ್ರೆಯಲ್ಲಿ ಉಳಿದಿದ್ದನ್ನು ತಾನೂ ಒಂದು ಗುಟುಕು ಕುಡಿದು ನೋಡಿದಳು. ಒಲೆಯ ಮುಂದೆಯೇ ಕುಕ್ಕರುಬಡಿದು ಅಳತೊಡಗಿದಳು.

"ಒಂದು ಹರಳು ಉಪ್ಪಿಲ್ಲ! ಉಪ್ಪಿನಾಗರದಲ್ಲಿ ಹುಟ್ಟಿದ ನಮ್ಮ ಅಕ್ಕನಿಗೆ ಉಪ್ಪೇ ಗೊತ್ತಾಗ್ಲಿಲ್ಲ! ಹೋಯ್ತು, ಅಕ್ಕನ ನಾಲಿಗೆ ಹೋಯ್ತು!"

ಸಂಜೆಯೊಳಗೆ ಡೊಕ್ಸಿಮಳ ನಾಲಿಗೆ ತೀರಿಕೊಂಡ ಸುದ್ದಿ ಆರೂ ಮನೆಗೆ ತಲುಪಿತ್ತು.

ಅದೇನು ಸಾಮಾನ್ಯ ನಾಲಿಗೆಯಲ್ಲ. ಡೊಕ್ಸಿಮ್ ಎದುರಿನ ಬಿಗುಮ್ ದ್ವೀಪದ ಉಪ್ಪಿನಾಗರದಲ್ಲಿ ಹುಟ್ಟಿದವಳು. ಒಂದು ಹರಳು ಬಾಯಿಗಿಟ್ಟರೆ ಸಾಕು, ಈ ಉಪ್ಪು ಕಟ್ಟಿದ ದಿನ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಎಂದು ಹೇಳಬಲ್ಲಳು ಎಂದು ಅವಳಪ್ಪ ಹೆಮ್ಮೆಪಡುತ್ತಿದ್ದ. ಆ ಕಟ್ಟಡದವರು ಚಳಿಗಾಲಕ್ಕೆಂದು ಮಸಾಲೆ ಸವರಿ ಹುದುಗಿಸಿಡುವ ಕಿಮ್ಚಿಯನ್ನು ಒಟ್ಟಿಗೇ ಮಾಡುವುದು. ನೂರಾಇಪ್ಪತ್ತು ಎಲೆಕೋಸು, ಒಂದೇ ದೊಡ್ಡ ಕೊಪ್ಪರಿಗೆಯಲ್ಲಿ ಮಸಾಲೆ, ಒಂದೇ ಹಿತ್ತಾಳೆ ಚಮಚ. ಆ ಚಮಚ ಯಾರ ಕೈಯಲ್ಲಿದೆಯೋ ಅವರು "ಸಾಕು" ಎಂದರೆ ಸಾಕು, "ಬೇಕು" ಎಂದರೆ ಬೇಕು. ಬೇರೆ ಯಾರೂ ಬೆರಳದ್ದಿ ರುಚಿ ನೋಡುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಚಮಚ ಡೊಕ್ಸಿಮಳ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ನೆಲಮಹಡಿಯ ಬೊಂಗ್ನೆ ಮೂರನೇ ಮಹಡಿಗೆ ಯಾವುದಾದರೊಂದು ನೆಪ ಮಾಡಿಕೊಂಡು ಹತ್ತಿಬಂದು, ಆ ಮೊಳೆಯನ್ನೇ ನೋಡಿಕೊಂಡು ಇಳಿಯುತ್ತಿದ್ದಳು.

"ಕೂದಲು ಹೋಯ್ತು, ಹೋಗ್ಲಿ, ಮತ್ತೆ ಬರತ್ತೆ," ಎಂದು ಡೊಕ್ಸಿಮ್ ನೇರಳೆ ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಗಂಡನಿಗೆ ಹೇಳಿದಳು. "ಚಮಚ ಹೋದ್ರೆ ಬರಲ್ಲ. ಅವಳ ಸೊಂಟದಲ್ಲಿ ಅದನ್ನ ನೋಡ್ಕೊಂಡು ನಾನು ಬದುಕೋದೂ ಇಲ್ಲ."

ಗಂಡ ಮನ್ಸಿಕ್ ಮೂವತ್ತು ವರ್ಷ ಬಂದರಿನಲ್ಲಿ ದೋಣಿಯ ಟಿಕೆಟ್ ಹರಿದವನು. ಮಾತನ್ನೂ ಹಾಗೇ ಅರ್ಧ ಹರಿದು ಕೊಡುತ್ತಿದ್ದ. "ಹೂಂ," ಎಂದ.

ಕಿಮ್ಚಿಯ ದಿನ ಬಂತು. ನವೆಂಬರಿನ ಕೊನೆಯ ಶನಿವಾರ. ಬೆಳಗ್ಗೆ ಒಂಬತ್ತಕ್ಕೆ ಡೊಕ್ಸಿಮ್ ದೊಡ್ಡಾಸ್ಪತ್ರೆಯ ಬಾಯಿ ವಿಭಾಗದ ಕುರ್ಚಿಯಲ್ಲಿ ಒರಗಿದ್ದಳು. ಅದು ಬೆಳಕಿನ ಚಿಕಿತ್ಸೆಯ ಕಡೆಯ ದಿನ.

"ಬಾಯಿ ತೆಗೀರಿ ಅಜ್ಜಿ," ಎಂದರು ಡಾಕ್ಟರ್ ಮಿನ್. ಚಿಕ್ಕ ವಯಸ್ಸಿನ, ಬಿದಿರುಕಡ್ಡಿಯಂಥ ಮನುಷ್ಯ.

"ಅಜ್ಜಿ ನಿಮ್ಮಜ್ಜಿ. ನನಗಿನ್ನೂ ಅರವತ್ತೇಳು."

"ಬಾಯಿ ತೆಗೀರಿ ಅಕ್ಕ."

ಡೊಕ್ಸಿಮ್ ಪ್ರಸನ್ನಳಾಗಿ ಬಾಯಿ ತೆರೆದಳು. ನರ್ಸ್ ಅವಳ ಕಣ್ಣಿಗೆ ದಪ್ಪ ಹಸಿರು ಕನ್ನಡಕ ಏರಿಸಿದಳು, ಮನ್ಸಿಕನಿಗೂ ಒಂದು ಕೊಟ್ಟಳು.

ಲೇಸರ್ ಎಂದಾಗ ಮೊದಲ ದಿನ ಮೂವರೂ ಮೂರು ಥರ ಹೆದರಿದ್ದರು. ನಾಲಿಗೆ ತೂತಾಗುತ್ತದೆ ಎಂದು ಬೊಂಗ್ನೆ, ಹಲ್ಲು ಕರಗುತ್ತದೆ ಎಂದು ಮಿಹ್ಯಾಂಗ್, ಹೊಗೆ ಬರುತ್ತದೆಯೇ ಎಂದು ಮನ್ಸಿಕ್. ಡಾಕ್ಟರ್ ನಕ್ಕು ಹೇಳಿದ್ದರು, "ಕೊಯ್ಯೋ ಲೇಸರ್ ಬೇರೆ, ಸುಡೋ ಲೇಸರ್ ಬೇರೆ. ಇದಕ್ಕೆ ಅಷ್ಟು ಶಕ್ತಿ ಇಲ್ಲ. ಇದು ಹುಣ್ಣಿನ ಬೆನ್ನು ತಟ್ಟಿ ಬೇಗ ಮಾಯು ಅಂತ ಹೇಳುತ್ತೆ, ಅಷ್ಟೇ." ಈಗ ಪೆನ್ನಿನಂಥ ಕೊಳವೆಯ ತುದಿಯಲ್ಲಿ ಬಟಾಣಿ ಕಾಳಿನಷ್ಟು ಕೆಂಪು ಬೆಳಕು ಹೊತ್ತಿತು. ಕೆನ್ನೆಯೊಳಗೆ ಒಂದು ಕಡೆ ಹತ್ತು ಎಣಿಸುವಷ್ಟು ಹೊತ್ತು, ಅದರ ಪಕ್ಕ ಹತ್ತು, ತುಟಿಯೊಳಗೆ ಹತ್ತು. ಬಿಸಿಯಿಲ್ಲ, ನೋವಿಲ್ಲ. ತಾನು ಹಾಕಿಕೊಂಡ ಕನ್ನಡಕದಂಚಿನಿಂದ ಇಣುಕಿದ ಮನ್ಸಿಕನಿಗೆ ಹೆಂಡತಿಯ ಕೆನ್ನೆ ಒಳಗಿನಿಂದಲೇ ಕೆಂಪಗೆ ಬೆಳಗಿ, ಹಬ್ಬದ ಕಾಗದದ ಲಾಂದ್ರದ ಹಾಗೆ ಕಂಡಿತು. ಹತ್ತು ದಿನದ ಹಿಂದೆ ಇದೇ ಬಾಯಿ ಒಂದು ಗುಟುಕು ನೀರಿಗೆ ಅಳುತ್ತಿತ್ತು. ಅವನು ನರ್ಸ್ ಬೈಯುವ ಮೊದಲೇ ಕನ್ನಡಕ ಸರಿಮಾಡಿಕೊಂಡ.

"ಚೆನ್ನಾಗಿ ಮಾಯ್ದಿದೆ," ಎಂದರು ಡಾಕ್ಟರ್. "ಬೆಳಕು ಸಾಕು. ಇನ್ನು ಗಂಜಿ ಬಿಟ್ಟು ಮೆತ್ತನೆ ಅನ್ನ ತಿನ್ನಬಹುದು."

"ಕಿಮ್ಚಿ?"

"ಅದೊಂದು ಬಿಟ್ಟು."

"ತಿನ್ನಲ್ಲ. ರುಚಿ ನೋಡ್ತೀನಿ. ಹತ್ತು ಸಲ."

"ಒಂದು ಸಲವೂ ಇಲ್ಲ. ಮಾಯ್ದ ಚರ್ಮ ಈಗಿನ್ನೂ ಮೊಟ್ಟೆಯೊಳಗಿನ ಪೊರೆಯ ಹಾಗಿದೆ. ಅದಕ್ಕೆ ಖಾರ ಬಡಿಯೋದಾ?"

"ಏಳು ಸಲ. ನಿಮಗೊಂದು ಡಬ್ಬಿ ಕೊಡ್ತೀನಿ."

ಡಾಕ್ಟರ್ ಮಿನ್ ಒಂಟಿಯಾಗಿ ಬದುಕುವವರು. ಅಂಗಡಿಯ ಕಿಮ್ಚಿ ತಿಂದು ಬೇಸತ್ತವರು. ಅವರ ಕಣ್ಣು ಒಂದು ಗಳಿಗೆ ದೂರ ಹೋಗಿ ಬಂತು. "ಮೂರು," ಎಂದರು. "ಮೂರೇ ನೆಕ್ಕು. ನಾಲಿಗೆ ತುದಿಗೆ ಸಾಸಿವೆ ಕಾಳಿನಷ್ಟು. ನುಂಗೋ ಹಾಗಿಲ್ಲ, ಉಗುಳಬೇಕು. ತಕ್ಷಣ ನಾನು ಕೊಟ್ಟ ಅಡುಗೆಸೋಡಾ ನೀರಲ್ಲಿ ನೂರು ಎಣಿಸೋವರೆಗೂ ಬಾಯಿ ಮುಕ್ಕಳಿಸಬೇಕು."

"ಅಲ್ಲಾ ಡಾಕ್ಟ್ರೇ, ರುಚಿ ಸರಿಯಾಗಿ ಗೊತ್ತಾಗತ್ತಾ?"

"ಹುಣ್ಣು ಮಾಯ್ದಿದೆ ಅಂತ ನಾನು ಹೇಳಬಲ್ಲೆ. ರುಚಿ ನೀವೇ ಹೇಳಬೇಕು. ಕೆಲವರಿಗೆ ಕೀಮೋ ಆದಮೇಲೆ ಸ್ವಲ್ಪ ದಿನ ಎಲ್ಲವೂ ಅಡ್ಡಾದಿಡ್ಡಿ. ಸಿಹಿ ಕಹಿಯಾಗತ್ತೆ, ಸಪ್ಪೆ ಉಪ್ಪಾಗತ್ತೆ."

ಅದನ್ನು ಕೇಳಿಸಿಕೊಳ್ಳಲು ಡೊಕ್ಸಿಮಳಿಗೆ ಪುರುಸೊತ್ತಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಹಸಿರು ಕನ್ನಡಕವನ್ನು ಟೋಪಿಯ ಮೇಲಕ್ಕೆ ತಳ್ಳಿ, ಗಂಡನ ತೋಳು ಹಿಡಿದೆಳೆದುಕೊಂಡು ಹೊರಟೇಬಿಟ್ಟಳು. ಕನ್ನಡಕ ಟೋಪಿಯ ಮೇಲೇ ಉಳಿಯಿತು. ಬಸ್ಸಿನಲ್ಲಿ ನೇರಳೆ ಟೋಪಿಯ ಮೇಲೆ ಕಪ್ಪೆಯ ಕಣ್ಣಿನಂಥ ಎರಡು ಹಸಿರು ಗಾಜು ಹೊತ್ತ ಹೆಂಗಸನ್ನು ಕಂಡು ಇಬ್ಬರು ಕಾಲೇಜು ಹುಡುಗಿಯರು ಎದ್ದು ಜಾಗ ಬಿಟ್ಟುಕೊಟ್ಟರು. ತನ್ನ ವಯಸ್ಸಿಗೆ ಸಿಕ್ಕಿದ ಮರ್ಯಾದೆ ಎಂದುಕೊಂಡು ಡೊಕ್ಸಿಮ್ ಮುಖ ಸಿಂಡರಿಸಿ ಕೂತಳು.

ಇತ್ತ ಕಟ್ಟಡದ ಅಂಗಳದಲ್ಲಿ ನೀಲಿ ತಾಡಪಾಲು ಹಾಸಿ, ಮೂವರು ಹೆಂಗಸರು ಮೊಣಕೈವರೆಗೆ ಕೆಂಪು ರಬ್ಬರ್ ಗವಸು ಏರಿಸಿ, ಕೊಪ್ಪರಿಗೆಯ ಸುತ್ತ ಕೂತಿದ್ದರು. ಹಿಂದಿನ ದಿನದಿಂದ ಉಪ್ಪುನೀರು ಕುಡಿದು ಮೆತ್ತಗಾದ ಎಲೆಕೋಸುಗಳು ತೊಳೆಸಿಕೊಂಡು, ಸ್ನಾನ ಮಾಡಿಸಿದ ಎಳೆಕೂಸುಗಳ ಹಾಗೆ ಸಾಲಾಗಿ ಬೋರಲು ಮಲಗಿದ್ದವು.

"ಅವಳು ಬರೋದ್ರೊಳಗೆ ಮುಗಿಸಿಬಿಡೋಣ," ಎಂದಳು ಬೊಂಗ್ನೆ. "ಪಾಪ, ನಾಲಿಗೆ ಇಲ್ಲದವಳ ಕೈಗೆ ಚಮಚ ಕೊಟ್ಟು ನಾವು ನೋಡ್ತಾ ಕೂರೋದಾ? ಅವಳಿಗೇ ಅವಮಾನ."

"ನಾನು ಲೆಕ್ಕ ಹಾಕಿದೀನಿ," ಎಂದರು ಪ್ಯೋ ಮೇಷ್ಟ್ರಮ್ಮ. ನಿವೃತ್ತಿಯಾಗಿ ಎಂಟು ವರ್ಷವಾಗಿದ್ದರೂ ಗಣಿತ ಅವರನ್ನು ಬಿಟ್ಟಿರಲಿಲ್ಲ. "ಒಂದು ಎಲೆಕೋಸಿಗೆ ಹನ್ನೊಂದೂವರೆ ಗ್ರಾಮ್..."

"ಏನು ಹನ್ನೊಂದೂವರೆ?"

ಮೂವರೂ ಬೆಚ್ಚಿ ತಿರುಗಿದರು. ಡೊಕ್ಸಿಮ್! ಸೊಂಟದ ಮೇಲೆ ಕೈ. ಸೊಂಟದಲ್ಲಿ ಹಿತ್ತಾಳೆ ಚಮಚ. ಆಸ್ಪತ್ರೆಗೂ ಅದನ್ನು ಸಿಕ್ಕಿಸಿಕೊಂಡೇ ಹೋಗಿದ್ದಳು.

"ನಾನಿಲ್ದೆ ಬೆರೆಸ್ತಿದೀರಾ?"

"ಅಯ್ಯೋ ಅಕ್ಕಾ, ನಿನಗೆ ಆಯಾಸ ಆಗತ್ತೆ ಅಂತ..." ಎಂದು ಮಿಹ್ಯಾಂಗ್ ತೊದಲಿದಳು.

"ಆಯಾಸ ನನ್ನ ಕಾಲಿಗೆ. ನಾಲಿಗೆಗಲ್ಲ. ಸರಿ ಅತ್ಲಾಗೆ," ಎಂದು ಡೊಕ್ಸಿಮ್ ಕೊಪ್ಪರಿಗೆಯ ಮೇಲೆ ಬಗ್ಗಿದಳು. ಬಗ್ಗಿದ ರಭಸಕ್ಕೆ ಟೋಪಿಯ ಮೇಲಿದ್ದ ಹಸಿರು ಕನ್ನಡಕ ಜಾರಿ ಸರಿಯಾಗಿ ಮೂಗಿನ ಮೇಲೆ ಕೂತಿತು. ಕೆಂಪು ಬೆಳಕನ್ನು ತಡೆಯಲೆಂದೇ ಮಾಡಿದ ಗಾಜು ಅದು. ಅಷ್ಟು ಕೆಂಪಗಿದ್ದ ಮಸಾಲೆ ಅದರೊಳಗಿಂದ ಕೆರೆಯ ಹೂಳಿನಂತೆ ಕಂಡಿತು.

"ಥೂ, ಮೆಣಸಿನಪುಡಿ ಎಲ್ಲಿಂದ ತಂದ್ರಿ? ಕರ್ರಗೆ ಕೆಸರಿನ ಹಾಗಿದೆಯಲ್ಲ!"

ಬೊಂಗ್ನೆ ಮೇಷ್ಟ್ರಮ್ಮನ ಮುಖ ನೋಡಿದಳು. ಮೇಷ್ಟ್ರಮ್ಮ ಮಿಹ್ಯಾಂಗಳ ಮುಖ ನೋಡಿದರು. ಮಿಹ್ಯಾಂಗಳ ಕಣ್ಣು ತುಂಬಿ ಬಂತು. "ಕಣ್ಣೂ ಹೋಯ್ತಾ..." ಎಂದು ಅವಳು ಪಿಸುಗುಟ್ಟುವಷ್ಟರಲ್ಲಿ ಮನ್ಸಿಕ್ ಹಿಂದಿನಿಂದ ಬಂದು ಕನ್ನಡಕವನ್ನು ಮೆಲ್ಲಗೆ ಕಿತ್ತು ಜೇಬಿಗಿಟ್ಟುಕೊಂಡು, "ಆಸ್ಪತ್ರೇದು," ಎಂದ. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ.

"ಓ, ಕೆಂಪಗೇ ಇದೆ," ಎಂದು ಡೊಕ್ಸಿಮ್ ಏನೂ ಆಗದವಳಂತೆ ಚಮಚದ ತುದಿಯನ್ನು ಮಸಾಲೆಗೆ ತಾಗಿಸಿ, ಸಾಸಿವೆಯಷ್ಟನ್ನು ನಾಲಿಗೆ ತುದಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು.

ಮೊದಲನೇ ನೆಕ್ಕು. ಉರಿಯಲಿಲ್ಲ! ಬೆಳ್ಳುಳ್ಳಿ ಬಂತು, ಶುಂಠಿ ಬಂತು, ಅವುಗಳ ಹಿಂದೆ ತಡವಾಗಿ ಬಂದ ಅತಿಥಿಯ ಹಾಗೆ ಸೀಗಡಿ ಬಂತು. ಎಲ್ಲರೂ ಅವರವರ ಜಾಗದಲ್ಲೇ ಕೂತರು. ಡೊಕ್ಸಿಮಳಿಗೆ ಕುಣಿಯಬೇಕೆನಿಸಿತು. ಕಾಗದದ ಲೋಟಕ್ಕೆ ಉಗುಳಿ, ಬಾಟಲಿಯ ಸೋಡಾ ನೀರಲ್ಲಿ ನೂರು ಎಣಿಸುವವರೆಗೂ ಗಳಗಳ ಎನ್ನಿಸಿ, "ಉಪ್ಪುಸೀಗಡಿ ಎರಡು ಸೌಟು ಹಾಕಿ," ಎಂದಳು. ಹಾಕಿದರು. ಕಲಸಿದರು. ಎರಡನೇ ನೆಕ್ಕು.

"ಸಾಕು. ಇನ್ನು ಒಂದೇ ಒಂದು ಹರಳು ಬಿದ್ರೂ ಕೆಟ್ಟಿತು, ಹೇಳಿದೀನಿ."

ಬಾಟಲಿ ಖಾಲಿಯಾಗಿತ್ತು. ಮುಕ್ಕಳಿಸಲು ಅವಳು ಮೂರು ಮಹಡಿ ಹತ್ತಿ ಹೋದಳು. ಅವಳ ಬೆನ್ನು ಮರೆಯಾದದ್ದೇ ತಡ, ಮೂರು ದಿಕ್ಕಿನಿಂದ ಮೂರು ಬೆರಳು ಕೊಪ್ಪರಿಗೆಗೆ ಇಳಿದು, ಮೂಗು ತುರಿಸಿಕೊಳ್ಳುವ ನೆಪದಲ್ಲಿ ಬಾಯಿಗೆ ಹೋದವು. ಮಾಂಸ ಬೇಯಿಸುವ ಪಾತ್ರೆ ಹೊತ್ತು ಹಾದುಹೋಗುತ್ತಿದ್ದ ಮನ್ಸಿಕನದು ನಾಲ್ಕನೆಯದು. ಒಬ್ಬರು ನೆಕ್ಕಿದ್ದು ಇನ್ನೊಬ್ಬರಿಗೆ ಕಾಣಲಿಲ್ಲ. ನಾಲ್ವರ ನಾಲಿಗೆಯೂ ಒಂದೇ ಮಾತು ಹೇಳಿತು: ಸಪ್ಪೆ.

ಸಪ್ಪೆಯೇ ಇತ್ತು. ಪ್ರತಿ ವರ್ಷವೂ ಆ ಗಳಿಗೆಯಲ್ಲಿ ಅದು ಸಪ್ಪೆಯೇ ಇರುತ್ತಿತ್ತು. ಉಪ್ಪುನೀರು ಕುಡಿದು ಮಲಗಿದ ಎಲೆಕೋಸು ಒಂದೆರಡು ಗಂಟೆಯಲ್ಲಿ ತನ್ನೊಳಗಿನ ಉಪ್ಪನ್ನು ಮಸಾಲೆಗೆ ಬಿಟ್ಟುಕೊಡುತ್ತದೆ. ಡೊಕ್ಸಿಮ್ ನೋಡುತ್ತಿದ್ದದ್ದು ಈಗಿನ ಉಪ್ಪನ್ನಲ್ಲ, ಊಟದ ಹೊತ್ತಿನ ಉಪ್ಪನ್ನು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಆ ಗಳಿಗೆಯಲ್ಲಿ ಬೇರೆ ಯಾರೂ ಬೆರಳದ್ದಿರಲಿಲ್ಲವಲ್ಲ, ತಿಳಿಯುವುದಾದರೂ ಹೇಗೆ?

ಮೂರನೇ ಮಹಡಿಯ ಕಿಟಕಿಯಿಂದ ಗಳಗಳ ಸದ್ದು ಶುರುವಾಯಿತು. ಆ ಸದ್ದು ಇರುವವರೆಗೆ ಡೊಕ್ಸಿಮ್ ಇಳಿಯುವುದಿಲ್ಲ.

"ಮಿಹ್ಯಾಂಗ್, ಸಾಸಿವೆ ಸೊಪ್ಪು ಮರೆತೆವು, ತಗೊಂಡು ಬಾ. ಮೇಷ್ಟ್ರಮ್ಮ, ನಿಮ್ಮನೇಲಿ ಫೋನ್ ಬಡ್ಕೊಳ್ತಿದೆ," ಎಂದಳು ಬೊಂಗ್ನೆ. ಇಬ್ಬರೂ ಹೋದರು. ಬೊಂಗ್ನೆ ಚಮಚಕ್ಕೆ ಆಸೆಪಟ್ಟವಳೇ, ಆದರೆ ಗೆಳತಿಯ ಮಾನ ಬೀದಿಪಾಲಾಗಲಿ ಎನ್ನುವವಳಲ್ಲ. 'ಪಾಪ, ಯಾರಿಗೂ ಗೊತ್ತಾಗೋದು ಬೇಡ,' ಎಂದು ಮೀನಿನ ರಸ ಒಂದು ತಂಬಿಗೆ ಸುರಿದು ಕಲಸಿ, ಗವಸು ತೊಳೆಯಲು ನಲ್ಲಿಗೆ ಹೋದಳು.

ಇಲ್ಲದ ಫೋನಿನಿಂದ ವಾಪಸಾದ ಮೇಷ್ಟ್ರಮ್ಮ ಅಂಗಳ ಖಾಲಿಯಿರುವುದು ನೋಡಿದರು. ಮನಸ್ಸಿನಲ್ಲೇ ಭಾಗಾಕಾರ ಮಾಡಿ, ಎಂಟುನೂರು ಗ್ರಾಮ್ ಉಪ್ಪುಸೀಗಡಿಯನ್ನು ಅಳೆದು ಹಾಕಿದರು. ಸೊಪ್ಪು ತಂದ ಮಿಹ್ಯಾಂಗ್, ಮೇಷ್ಟ್ರಮ್ಮ ಅತ್ತ ತಿರುಗಿ ಕನ್ನಡಕ ಒರೆಸಿಕೊಳ್ಳುವುದನ್ನು ಕಾದು, ಅಳುತ್ತಲೇ ಎರಡು ಸೌಟು ಹಾಕಿದಳು. 'ಅಕ್ಕಾ, ಕ್ಷಮಿಸು, ಇದು ನಿನ್ನ ಒಳ್ಳೇದಕ್ಕೇ.' ಕೊನೆಗೆ ಮನ್ಸಿಕ್ ಒಲೆಗೆ ಕಟ್ಟಿಗೆ ಒಯ್ಯುವ ದಾರಿಯಲ್ಲಿ ನಿಂತ. ಬೆಳಗ್ಗೆ ಲಾಂದ್ರದ ಹಾಗೆ ಹೊಳೆದ ಕೆನ್ನೆ ನೆನಪಾಯಿತು. ಮಾತಾಡಲು ಬಾರದ ಗಂಡ ತನ್ನ ಪ್ರೀತಿಯನ್ನೆಲ್ಲ ಎರಡು ಹಿಡಿಯಲ್ಲಿ ಬಾಚಿ, ಮಾವನ ದ್ವೀಪದ ಉಪ್ಪನ್ನೇ ಕೊಪ್ಪರಿಗೆಗೆ ಸುರಿದ.

ಗಳಗಳ ನಿಂತಿತು. ಡೊಕ್ಸಿಮ್ ಇಳಿದು ಬಂದಾಗ ಎಲ್ಲರೂ ಕಮಕ್ ಕಿಮಕ್ ಎನ್ನದೆ ಎಲೆಕೋಸಿನ ಪದರ ಪದರಕ್ಕೂ ಮಸಾಲೆ ಸವರುತ್ತಿದ್ದರು. ಎಲ್ಲರ ಮುಖದಲ್ಲೂ ಪುಣ್ಯ ಕಟ್ಟಿಕೊಂಡವರ ಕಳೆ. ಮೂರನೇ ನೆಕ್ಕನ್ನು ಊಟಕ್ಕೆಂದು ಉಳಿಸಿಕೊಂಡ ಡೊಕ್ಸಿಮ್ ಮಡಿಸುಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತು, "ಅಂಚಿಗೂ ಸವರೇ ಬೊಂಗ್ನೆ, ಮುಖಕ್ಕೆ ಪೌಡರ್ ಹಚ್ಚೋವಾಗ ಕಿವಿ ಬಿಡ್ತೀಯಾ?" ಎಂದು ಎಲ್ಲರನ್ನೂ ಗೋಳುಹೊಯ್ದುಕೊಂಡಳು. ಎಷ್ಟೋ ದಿನದ ಮೇಲೆ ಆ ಬಾಯಿ ಅಷ್ಟು ಮಾತಾಡಿತ್ತು. ಬೈಸಿಕೊಂಡವರಿಗೂ ಹಿತವಾಗಿತ್ತು.

ನಾಲ್ಕು ಗಂಟೆಗೆ ಮೇಷ್ಟ್ರಮ್ಮನ ಮನೆಯ ಬೆಚ್ಚನೆ ನೆಲದ ಮೇಲೆ ಊಟಕ್ಕೆ ಕೂತರು. ನಡುವೆ ಹಬೆಯಾಡುವ ಹಂದಿಮಾಂಸದ ಹೋಳು, ಅದಕ್ಕೆ ಸುತ್ತಿಕೊಳ್ಳಲು ಆಗ ತಾನೇ ಮಾಡಿದ ಕಿಮ್ಚಿ. ಡೊಕ್ಸಿಮಳ ಮುಂದೆ ಮಾತ್ರ ಮೆತ್ತನೆ ಅನ್ನ.

ನಾಲ್ವರೂ ಒಟ್ಟಿಗೇ ಬಾಯಿಗಿಟ್ಟರು. ನಾಲ್ವರ ಕಣ್ಣೂ ಒಟ್ಟಿಗೇ ಅಗಲವಾಯಿತು. ಬೊಂಗ್ನೆಯ ಹುಬ್ಬು ಹಣೆ ದಾಟಿ ಕೂದಲಿಗೆ ಹೋಯಿತು. ಮೇಷ್ಟ್ರಮ್ಮನಿಗೆ ತಮ್ಮ ಭಾಗಾಕಾರದ ಮೇಲೆ ಜೀವನದಲ್ಲಿ ಮೊದಲ ಸಲ ಅನುಮಾನ ಬಂತು. ಒಬ್ಬೊಬ್ಬರ ಎದೆಯೂ ಒಂದೇ ಮಾತು ಬಡಿಯಿತು: ನಾನೇ ಕೆಡಿಸಿದೆ!

"ಹೇಗಿದೆ?" ಎಂದಳು ಡೊಕ್ಸಿಮ್.

"ಹದ!" ಎಂದಳು ಬೊಂಗ್ನೆ, ಒಂದು ಲೋಟ ನೀರು ಎತ್ತಿ.

"ನಿಖರ!" ಎಂದರು ಮೇಷ್ಟ್ರಮ್ಮ, ಎರಡನೇ ಲೋಟ ಎತ್ತಿ.

"ಪ್ರತಿ ವರ್ಷದ ಹಾಗೇ ಅಕ್ಕಾ!" ಎಂದ ಮಿಹ್ಯಾಂಗಳ ಕಣ್ಣಲ್ಲಿ ನೀರು, ಅದು ಪ್ರೀತಿಯದೋ ಉಪ್ಪಿನದೋ ಅವಳಿಗೇ ತಿಳಿಯಲಿಲ್ಲ. ಮನ್ಸಿಕ್ ಕೆಟಲಿನ ಮೂತಿಗೇ ಬಾಯಿ ಹಚ್ಚಿ, ಕುಡಿಯುತ್ತಲೇ ತಲೆಯಾಡಿಸಿದ.

ಡೊಕ್ಸಿಮ್ ಒಂದು ಎಳೆ ಕಿಮ್ಚಿಯನ್ನು ನಾಲಿಗೆ ತುದಿಗಿಟ್ಟುಕೊಂಡಳು. ಮೂರನೇ ನೆಕ್ಕು.

ಅಪ್ಪನ ಉಪ್ಪಿನಾಗರ ಇಡಿಯಾಗಿ, ನೀರೆತ್ತುವ ಚಕ್ರದ ಸಮೇತ ಎದ್ದು ಬಂದು ನಾಲಿಗೆಯ ಮೇಲೆ ಕೂತಿತು.

ಅವಳು ಉಗುಳಿ, ಸುತ್ತ ನೋಡಿದಳು. ನಾಲ್ಕು ನಗುಮುಖ. "ಉಪ್ಪು... ಸರಿಯಾಗಿದೆಯಾ?"

"ಹದವಾಗಿದೆ!" ನಾಲ್ಕು ಗಂಟಲು.

ಆಗ ಡಾಕ್ಟರ ಮಾತು ನೆನಪಾಯಿತು: ಸಪ್ಪೆ ಉಪ್ಪಾಗುತ್ತದೆ. ನಾಲ್ವರಿಗೆ ಹದವಾದದ್ದು ತನಗೊಬ್ಬಳಿಗೆ ಸಮುದ್ರವಾದರೆ ಕೆಟ್ಟದ್ದು ಯಾರದು? ಕೆಂಪು ಬೆಳಕು ಬಾಯನ್ನು ಮಾಯಿಸಿತು, ನಾಲಿಗೆಯನ್ನಲ್ಲ. ಕೂದಲು ಗೊಂಚಲು ಗೊಂಚಲಾಗಿ ಉದುರಿದ ದಿನವೂ ಅಳದಿದ್ದ ಡೊಕ್ಸಿಮಳ ಗಲ್ಲ ನಡುಗಿತು. ಸೊಂಟದಿಂದ ಹಿತ್ತಾಳೆ ಚಮಚ ತೆಗೆದಳು. ಸೆರಗಿನಂತೆ ಜೋತಿದ್ದ ಏಪ್ರನ್ನಿನ ಅಂಚಿನಿಂದ ಒರೆಸಿದಳು. ಎರಡೂ ಕೈಯಿಂದ ಬೊಂಗ್ನೆಯ ಮುಂದಿಟ್ಟಳು.

"ತಗೊಳ್ಳೇ. ಮುಂದಿನ ವರ್ಷದಿಂದ ನೀನೇ. ನನ್ನ ನಾಲಿಗೆ ಸುಳ್ಳು ಹೇಳ್ತಿದೆ. ಇಷ್ಟು ಒಳ್ಳೇ ಕಿಮ್ಚಿ ಅದಕ್ಕೆ ಉಪ್ಪು ಉಪ್ಪು ಅನ್ನಿಸ್ತಿದೆ."

ಬೊಂಗ್ನೆ ಚಮಚ ನೋಡಿದಳು. ಇಪ್ಪತ್ತೆರಡು ವರ್ಷ ಕನಸಿನಲ್ಲಿ ಬಂದ ಚಮಚ. ಕೈ ಚಾಚಿದಳು, ಮುಟ್ಟಿದಳು, ಬಿಸಿ ತಾಗಿದವಳ ಹಾಗೆ ಕೈ ಹಿಂದಕ್ಕೆಳೆದಳು.

"ಅಯ್ಯೋ ಹಾಳಾಗ್ಲಿ! ನಾನೇ ಕಣೇ! ನೀನು ಮೇಲೆ ಹೋದಾಗ ಒಂದು ತಂಬಿಗೆ ಮೀನಿನ ರಸ ಸುರಿದೆ!"

"ಒಂದು ತಂಬಿಗೆ?" ಮೇಷ್ಟ್ರಮ್ಮ ಎದ್ದೇ ನಿಂತರು. "ಹಾಗಾದ್ರೆ ನನ್ನ ಎಂಟುನೂರು ಗ್ರಾಮ್?"

"ನೀವೂ ಹಾಕಿದ್ರಾ ಮೇಷ್ಟ್ರಮ್ಮ?" ಮಿಹ್ಯಾಂಗ್ ಬಾಯಿ ಮುಚ್ಚಿಕೊಂಡಳು. "ನಾನು ಎರಡೇ ಸೌಟು... ಅಕ್ಕಾ, ಹೊಡಿ ನನ್ನ."

ಎಲ್ಲರೂ ಮಾತು ಮುಗಿಸಿದರೆಂದು ಡೊಕ್ಸಿಮ್ ಉಸಿರು ಬಿಡುವಷ್ಟರಲ್ಲಿ ಕೆಟಲಿನ ಹಿಂದಿನಿಂದ ಒಂದು ದನಿ ಬಂತು. "ಎರಡು ಹಿಡಿ."

"ನೀ-ವೂ-ನಾ?"

"ಹೂಂ," ಎಂದ ಮನ್ಸಿಕ್.

ಆಮೇಲೆ ಡೊಕ್ಸಿಮ್ ನಕ್ಕಳು. ಹುಣ್ಣು ಬಂದ ಮೇಲೆ ಬಾಯಿ ಅಷ್ಟು ಅಗಲ ತೆರೆದೇ ಇರಲಿಲ್ಲ. ನಕ್ಕೂ ನಕ್ಕೂ ಟೋಪಿ ಜಾರಿ ಬೋಳುತಲೆ ಹೊಳೆಯಿತು. ಅವಳು ನಕ್ಕದ್ದು ಕಂಡು ಎಲ್ಲರೂ ನಕ್ಕರು, ಉಪ್ಪಿಗೆ ಬೆಂದ ಬಾಯಿ ಹಿಡಿದುಕೊಂಡು ನಕ್ಕರು. "ನನ್ನ ನಾಲಿಗೆ ಸರಿಯಾಗಿದೆ! ಸರಿಯಾಗಿದೆ ಕಣ್ರೋ! ನಿಮ್ಮ ಕೈಗಳಿಗೆ ಲೇಸರ್ ಹೊಡೆಸಬೇಕು!" ನಾಳೆ ಸಪ್ಪೆ ಮೂಲಂಗಿ ಹೆಚ್ಚಿ ನೂರಾಇಪ್ಪತ್ತರ ಎಲೆಯೆಲೆಯ ನಡುವೆ ತುರುಕಿ ಉಪ್ಪು ಹೀರಿಸುವುದೆಂದು ಆಜ್ಞೆಯಾಯಿತು. ಡಾಕ್ಟರಿಗೆ ಕೊಡುವ ಡಬ್ಬಿಗೆ ಎರಡು ಮೂಲಂಗಿ ಹೆಚ್ಚಿಗೆ. ಬೊಂಗ್ನೆ ತಾನೇ ಚಮಚವನ್ನು ಎರಡೂ ಕೈಯಿಂದ ಎತ್ತಿ ಡೊಕ್ಸಿಮಳ ತಟ್ಟೆಯ ಪಕ್ಕ ಇಟ್ಟಳು. "ಇದು ನಿನ್ನದೇ ಅಕ್ಕಾ. ನಿನ್ನ ನಾಲಿಗೆ ಇರೋವರೆಗೂ."

ಆಗ ಮಿಹ್ಯಾಂಗ್ ಓಡಿಹೋಗಿ ಪಾತ್ರೆ ತಂದಳು. "ಅಕ್ಕನಿಗೆ ಕಿಮ್ಚಿ ಇಲ್ಲ ಅಂತ ನಾನು ಸಾರು ಮಾಡಿದೀನಿ!"

ಬಾಯಿ ಉರಿಯುತ್ತಿದ್ದವರು ಪಾತ್ರೆಯ ಮೇಲೆ ಬಿದ್ದರು. ಬೊಂಗ್ನೆ ಒಂದು ಬಟ್ಟಲು, ಮೇಷ್ಟ್ರಮ್ಮ ಒಂದು ಬಟ್ಟಲು, ಮನ್ಸಿಕ್ ಒಂದು ಬಟ್ಟಲು ಗಟಗಟ ಕುಡಿದರು. ಕುಡಿದು, ಬಟ್ಟಲು ಇಳಿಸಿ, ಒಬ್ಬರನ್ನೊಬ್ಬರು ನೋಡಿಕೊಂಡರು. ಕಡಲಪಾಚಿಯ ಸಾರು. ಒಂದು ಹರಳು ಉಪ್ಪಿಲ್ಲ.

"ಆವತ್ತು ಉಪ್ಪು ಮರೆತಿದ್ದೆ ಅಕ್ಕಾ," ಎನ್ನುತ್ತ ಮಿಹ್ಯಾಂಗ್ ಡೊಕ್ಸಿಮಳಿಗೆ ಬಡಿಸಿದಳು. "ಹತ್ತು ದಿನ ನಿದ್ದೆ ಬಂದಿಲ್ಲ ನನಗೆ. ಇವತ್ತು ನೆನಪಿಟ್ಕೊಂಡು ಎರಡು ಚಮಚ ಹಾಕಿದೀನಿ, ನನ್ನ ಕಣ್ಣಾರೆ ನೋಡಿ ಹಾಕಿದೀನಿ. ನನ್ನ ನಾಲಿಗೆ ಈಗ ಮರಗಟ್ಟಿದೆ, ನೀನೇ ಹೇಳಬೇಕು."

ಆ ಎರಡು ಚಮಚ ಪಾತ್ರೆ ತಪ್ಪಿ, ಪಕ್ಕದ ಒಲೆಯಲ್ಲಿದ್ದ ಮನ್ಸಿಕನ ಮಾಂಸದ ಪಾತ್ರೆಗೆ ಬಿದ್ದಿದ್ದವು. ಮಾಂಸವೂ ಯಾಕೆ ಅಷ್ಟು ಉಪ್ಪಾಗಿತ್ತೆಂದು ಮನ್ಸಿಕನಿಗೆ ಈಗ ಹೊಳೆಯಿತು. ಅವನು ಮತ್ತೆ ಕೆಟಲಿನ ಮೂತಿಗೇ ಬಾಯಿ ಹಚ್ಚಿದ.

ಡೊಕ್ಸಿಮ್ ಒಂದು ಗುಟುಕು ಕುಡಿದಳು. ಮತ್ತೆ ಅದೇ, ತುದಿಗಾಲಲ್ಲಿ ನಡೆದು ಬಂದ ಸಾರು. ಪ್ರಪಂಚವೆಲ್ಲ ಉರಿಯಾಗಿದ್ದ ದಿನಗಳಲ್ಲಿ ಉರಿಸದೆ ಒಳಗಿಳಿದಿದ್ದ ಒಂದೇ ಒಂದು ಪದಾರ್ಥ. ಎದುರಿಗೆ ಮಿಹ್ಯಾಂಗಳ ಎರಡು ಕಣ್ಣು, ಪರೀಕ್ಷೆಯ ಫಲಿತಾಂಶ ಕಾಯುವ ಮಗುವಿನ ಕಣ್ಣು. ಪಕ್ಕದಲ್ಲಿ ಬೊಂಗ್ನೆ, ಮೆಲ್ಲಗೆ ಮುಂದೆ ಬಾಗಿ, ತುಟಿಯಂಚಿನಲ್ಲಿ ಬೆಕ್ಕಿನ ನಗು ಇಟ್ಟುಕೊಂಡು ಕೇಳಿದಳು.

"ಹೇಳು ಅಕ್ಕಾ. ಉಪ್ಪು ಹೇಗಿದೆ? ನಮಗೆಲ್ಲ ಕೇಳೋ ಹಾಗೆ ಹೇಳು."

ಡೊಕ್ಸಿಮ್ ತಟ್ಟೆಯ ಪಕ್ಕದ ಹಿತ್ತಾಳೆ ಚಮಚ ನೋಡಿದಳು. ಮಿಹ್ಯಾಂಗಳನ್ನು ನೋಡಿದಳು. ಮತ್ತೊಮ್ಮೆ ಚಮಚ ನೋಡಿದಳು, ಬಂದರು ಬಿಟ್ಟ ದೋಣಿಯನ್ನು ನೋಡುವ ಹಾಗೆ.

"ಹದವಾಗಿದೆ ಕಣೆ," ಎಂದಳು. "ಉಪ್ಪು ಸರಿಯಾಗಿ ಬಿದ್ದಿದೆ."

ಮಿಹ್ಯಾಂಗ್ ಚಪ್ಪಾಳೆ ತಟ್ಟಿದಳು. ಬೊಂಗ್ನೆ ಕೈ ಚಾಚಿ ಹಿತ್ತಾಳೆ ಚಮಚವನ್ನು ಎತ್ತಿಕೊಂಡು, ಏಪ್ರನ್ನಿಗೆ ಎರಡು ಸಲ ಒರೆಸಿ, ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಪಾಪ," ಎಂದಳು ತುಂಬ ಮೃದುವಾಗಿ, "ಈ ನಾಲಿಗೆಗೆ ಇನ್ನೂ ನಾಲ್ಕು ದಿನ ಬೆಳಕು ಹಿಡಿಸಬೇಕು ಅಕ್ಕಾ."

ಡೊಕ್ಸಿಮ್ ಅವಳನ್ನು ದುರುಗುಟ್ಟಿ ನೋಡಿ, ಉಳಿದ ಸಾರನ್ನೂ ಕುಡಿದು, ಖಾಲಿ ಬಟ್ಟಲನ್ನು ಮಿಹ್ಯಾಂಗಳ ಮುಂದೆ ಚಾಚಿದಳು.

"ಇನ್ನೊಂದು ಬಟ್ಟಲು ಹಾಕೇ."